ಬೀರುವಿನಲ್ಲಿ ಉಳಿದ ಉಯಿಲು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿಯುವ ವೈದ್ಯನ ನಮಸ್ಕಾರಗಳು.

ಚೇತರಿಕೆಯ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರಿನಂಥ ಸಾಧನಗಳನ್ನು ಹಾಕದಿರಲು ಅಥವಾ ಹಾಕಿದ್ದನ್ನು ತೆಗೆಯಲು ಅವಕಾಶವಿತ್ತ ಸುಪ್ರೀಂ ಕೋರ್ಟಿನ 2018ರ ತೀರ್ಪನ್ನೂ ಅದರ ಷರತ್ತುಗಳನ್ನು ಸಡಿಲಿಸಿದ 2023ರ ಆದೇಶವನ್ನೂ ಜಾರಿಗೊಳಿಸಲು ತಮ್ಮ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಹಲವರು ಇದನ್ನು ದಯಾಮರಣವೆಂದೇ ತಿಳಿದರು. ಮದ್ದು ಚುಚ್ಚಿ ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ರೋಗಿಗಳ ಮನೆಯವರಿಗೆ ನಾವು ಇಂದಿಗೂ ವಿವರಿಸಬೇಕಾಗುತ್ತದೆ.

ಸುತ್ತೋಲೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಾಧನ ಹಾಕದಿರುವ ಅಥವಾ ತೆಗೆಯುವ ನಿರ್ಧಾರಕ್ಕೆ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ಅದನ್ನು ಪರಿಶೀಲಿಸಲು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರಿರುವ ದ್ವಿತೀಯ ಮಂಡಳಿ, ಎರಡಕ್ಕೂ 48 ಗಂಟೆಗಳ ಗಡುವು, ಕೊನೆಗೆ ಮ್ಯಾಜಿಸ್ಟ್ರೇಟರಿಗೆ ನಿರ್ಧಾರದ ಪ್ರತಿ ಎಂಬ ಈ ಕ್ರಮವು ಐಸಿಯುವಿನ ಗಡಿಯಾರಕ್ಕೆ ಹೊಂದುತ್ತದೆ. ಕ್ಯಾಶುವಾಲ್ಟಿಯಲ್ಲಿ ನನಗಿರುವುದು ನಾಲ್ಕೈದು ನಿಮಿಷ.

ಕಳೆದ ಮಳೆಗಾಲದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮೈಯೆಲ್ಲ ಹಬ್ಬಿದ್ದ ಹಿರಿಯರೊಬ್ಬರನ್ನು ರಾತ್ರಿ ಎರಡು ಗಂಟೆಗೆ 108ರಲ್ಲಿ ಕರೆತಂದರು. ಉಸಿರು ನಿಲ್ಲುತ್ತಿತ್ತು; "ಏನಾದರೂ ಮಾಡಿ ಡಾಕ್ಟ್ರೇ" ಎಂದು ಮಗ ಕಾಲು ಹಿಡಿಯಲು ಬಂದ. ನಾನು ಗಂಟಲಿಗೆ ನಳಿಕೆ ಇಳಿಸಿದೆ. ಬೆಳಗ್ಗೆ ಬೆಂಗಳೂರಿನಿಂದ ಬಂದ ಮಗಳು ಬೀರುವಿನಿಂದ ತೆಗೆದು ತಂದದ್ದು, ಇಬ್ಬರು ಸಾಕ್ಷಿಗಳ ಸಹಿಯೂ ನೋಟರಿಯ ಮುದ್ರೆಯೂ ಇದ್ದ, 'ನನಗೆ ನಳಿಕೆ ಬೇಡ' ಎಂದು ಮುಂಚಿತವಾಗಿಯೇ ಬರೆದಿಟ್ಟ ಪತ್ರ, ಅಂದರೆ ಜೀವಂತ ಉಯಿಲು (ಲಿವಿಂಗ್ ವಿಲ್). ಹಾಕದಿರುವುದೂ ತೆಗೆಯುವುದೂ ನೀತಿಯ ದೃಷ್ಟಿಯಿಂದ ಒಂದೇ ಎಂದು ಓದಿದವನೇ ನಾನು. ಆದರೂ ತೆಗೆಯುವಾಗ ಕೈ ನಡುಗುತ್ತದೆ. ಮಂಡಳಿಗಳು ಕೂಡಿ ಒಪ್ಪುವಷ್ಟರಲ್ಲಿ, ಬೇಡವೆಂದು ಬರೆದಿಟ್ಟಿದ್ದ ಸ್ಥಿತಿಯಲ್ಲೇ ಅವರು ನಾಲ್ಕು ದಿನ ಕಳೆದಿದ್ದರು.

2023ರ ಆದೇಶದಂತೆ ಇಂಥ ಪತ್ರದ ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಒಪ್ಪಿಸಬೇಕು. ಡಿಜಿಟಲ್ ಆರೋಗ್ಯ ದಾಖಲೆಯಲ್ಲೂ ಸೇರಿಸಬಹುದು. ಪಂಚಾಯಿತಿ ಕಚೇರಿ ನಡುರಾತ್ರಿ ತೆರೆಯುವುದಿಲ್ಲವಾದ್ದರಿಂದ, ಆ ದಾಖಲೆ 108ರ ಸಿಬ್ಬಂದಿಗೂ ಕ್ಯಾಶುವಾಲ್ಟಿಯ ವೈದ್ಯರಿಗೂ ಆ ಕ್ಷಣದಲ್ಲೇ ಕಾಣುವಂತಾಗಬೇಕೆಂಬುದು ನನ್ನ ಮುಖ್ಯ ಕೋರಿಕೆ. ಪತ್ರ ತಡವಾಗಿ ಸಿಕ್ಕಿದರೆ ಮಂಡಳಿ ಅಂದೇ ಕೂಡುವ ಏರ್ಪಾಡೂ ಬೇಕು.

ನಳಿಕೆ ಬೇಡವೆಂದವರಿಗೆ ಆರೈಕೆಯೇ ಬೇಡವೆಂದಲ್ಲ. ಉಸಿರುಗಟ್ಟುವ ಸಂಕಟ ತಗ್ಗಿಸುವ ಮಾರ್ಫಿನ್, ಅದನ್ನು ಅಂಜದೆ ಕೊಡಬಲ್ಲ ತರಬೇತಾದ ದಾದಿ, ಮನೆಯವರು ಬಾಯಿಗೆ ನೀರು ಬಿಡಲು ಪರದೆ ಎಳೆದ ಒಂದು ಮೂಲೆ ಇಷ್ಟನ್ನಾದರೂ ಪ್ರತಿ ಜಿಲ್ಲಾಸ್ಪತ್ರೆಯ ಕ್ಯಾಶುವಾಲ್ಟಿಗೆ ಒದಗಿಸಲು ಆದೇಶಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತುರ್ತು ಚಿಕಿತ್ಸಾ ವೈದ್ಯ