ಸೋತ ತಂಡಕ್ಕೂ ಅಂಕಪಟ್ಟಿ ಕೊಡಿ

ಮಾನ್ಯ ಸಂಪಾದಕರೇ,

ಸಾಮಾಜಿಕ ಉದ್ಯಮ (ಜನರ ಒಂದು ಸಮಸ್ಯೆ ಬಗೆಹರಿಸುತ್ತಲೇ ಆದಾಯವನ್ನೂ ತರುವ ವ್ಯಾಪಾರ) ಸ್ಪರ್ಧೆಗಳಲ್ಲಿ ಗೆದ್ದ ವಿದ್ಯಾರ್ಥಿಗಳ ಫೋಟೊ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಆಳೆತ್ತರದ ಚೆಕ್ಕು, ನಡುವೆ ಅತಿಥಿಗಳು, ಅಕ್ಕಪಕ್ಕ ನಗುವ ಮಕ್ಕಳು. ಬೇಡ ಅನ್ನುತ್ತಿಲ್ಲ, ಹಾಕಿ. ಆದರೆ ಫೋಟೊದಲ್ಲಿ ಇಲ್ಲದವರೇ ಜಾಸ್ತಿ. ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಯುವ ಇಂಥದೇ ಸ್ಪರ್ಧೆ ‘ಹಲ್ಟ್ ಪ್ರೈಜ್’ ಅನ್ನೇ ತೆಗೆದುಕೊಳ್ಳಿ. ಬೇರೆ ಬೇರೆ ದೇಶಗಳ ಸಾವಿರಾರು ತಂಡಗಳು ಸ್ಪರ್ಧಿಸುತ್ತವೆ. 10 ಲಕ್ಷ ಡಾಲರ್ ಹೋಗುವುದು ಒಂದೇ ತಂಡಕ್ಕೆ. ಅಂದಮೇಲೆ ಸೋಲುವವರ ಕೈಗೆ ಏನು ಬಂತು ಅಂತ ನೋಡಿ ಇಂಥ ಸ್ಪರ್ಧೆಗೆ ಬೆಲೆ ಕಟ್ಟಬೇಕು ಅಲ್ವಾ?

ನಾನು ಕಾಮರ್ಸ್ ಉಪನ್ಯಾಸಕಿ. ವಿದ್ಯಾರ್ಥಿ ತಂಡಗಳನ್ನು ಇಂಥ ಕಡೆ ಕರೆದುಕೊಂಡು ಹೋಗುತ್ತೇನೆ. ಸೋತು ಬರುವುದೇ ಹೆಚ್ಚು. ಬಹುಮಾನ ಕೊಡುವ ಹೊತ್ತಿಗೆ ‘ಸೋಲೇ ಗೆಲುವಿನ ಮೆಟ್ಟಿಲು’ ಅಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಅಷ್ಟರಲ್ಲಿ ನಮ್ಮ ಮಕ್ಕಳು ಮೊಬೈಲ್ ನೋಡುತ್ತಿರುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ. ಸುಮ್ನೆ ಸೋತರೆ ಬೇಜಾರು ಬಿಟ್ಟು ಬೇರೇನೂ ಸಿಗುವುದಿಲ್ಲ. ಎಲ್ಲಿ ಎಡವಿದೆವು ಅಂತ ಯಾರಾದರೂ ಬೆರಳಿಟ್ಟು ತೋರಿಸಬೇಕು.

ಒಂದು ತಂಡದ ವಿಷಯ ಹೇಳುತ್ತೇನೆ. ಕಾಲಿನ ಆಪರೇಷನ್ ಆದವರಿಗೆ ವಾಕರ್, ಗಾಲಿಕುರ್ಚಿ ಕೆಲವು ವಾರ ಬೇಕು. ಆಮೇಲೆ ಅವು ಮೂಲೆ ಸೇರುತ್ತವೆ. ಅವನ್ನು ಕೊಂಡು, ರಿಪೇರಿ ಮಾಡಿ, ಬಡವರಿಗೆ ಕಡಿಮೆ ಬಾಡಿಗೆಗೆ ಕೊಡುವುದು ಇವರ ಯೋಜನೆ. ಸ್ಲೈಡುಗಳು ಚೆನ್ನಾಗಿದ್ದವು. ಎರಡನೇ ವರ್ಷಕ್ಕೆ ಲಾಭದ ಗೆರೆ ಮೇಲೇರಿತ್ತು. (ಎಲ್ಲ ತಂಡಗಳದ್ದೂ ಎರಡನೇ ವರ್ಷಕ್ಕೇ ಏರುತ್ತದೆ, ಆ ಮಾತು ಬೇರೆ.) ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಕೇಳಿದರು: “ಅಲ್ಲಮ್ಮಾ, ಇದನ್ನ ವಾಪಸ್ ತಂದುಕೊಡೋರು ಯಾರು?”

ರೋಗಿ ನಡೆಯುವ ಹಾಗಿಲ್ಲ. ನೋಡಿಕೊಳ್ಳುವವರು ಕೆಲಸಕ್ಕೆ ಹೋಗಿರುತ್ತಾರೆ. ಗಾಲಿಕುರ್ಚಿ ಬೈಕ್ ಮೇಲೆ ಬರುವುದಿಲ್ಲ. ಇವರ ಲೆಕ್ಕದ ಹಾಳೆಯಲ್ಲಿ ಕೊಂಡ ಖರ್ಚಿತ್ತು, ರಿಪೇರಿ ಖರ್ಚಿತ್ತು, ಬಾಡಿಗೆ ಇತ್ತು. ವಾಪಸ್ ತರುವ ಖರ್ಚಿಗೆ ಒಂದು ಕಾಲಂ ಕೂಡ ಇರಲಿಲ್ಲ. ನಮ್ಮ ಹುಡುಗಿ ಮೈಕ್ ಹಿಡಿದುಕೊಂಡು ಹಾಗೇ ನಿಂತಳು. ಮೊದಲ ಸುತ್ತಿಗೇ ಮನೆಗೆ.

ವಾಪಸ್ ಬರುವ ದಾರಿಯಲ್ಲೇ ಲ್ಯಾಪ್‌ಟಾಪ್ ತೆರೆದರು. ಮನೆ ಮನೆಗೆ ವ್ಯಾನ್ ಕಳಿಸಿದರೆ ಬಾಡಿಗೆಯೆಲ್ಲ ಡೀಸೆಲ್‌ಗೇ ಹೋಗುತ್ತದೆ ಅಂತ ಗೊತ್ತಾಯಿತು. ಆಗ ಒಬ್ಬ ಹುಡುಗ ಹೇಳಿದ: ರೋಗಿ ಚೆಕಪ್‌ಗೆ ಅಂತ ಹೇಗೂ ಆಸ್ಪತ್ರೆಗೆ ಬರುತ್ತಾನಲ್ಲ, ಕೊಡುವುದೂ ತೆಗೆದುಕೊಳ್ಳುವುದೂ ಅಲ್ಲೇ ಆಗಲಿ. ಆ ಪ್ರಶ್ನೆ ಬರದೇ ಇದ್ದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ಆಮೇಲಿನದು. ಮೊದಲು ಸರ್ವೆ ಮಾಡಿದ್ದ ಮನೆಗಳಿಗೇ ಇವರು ಮತ್ತೆ ಹೋದರು. ಹಿಂದಿನ ಸಲ ಕೇಳಿದ್ದು, ‘ಕಡಿಮೆ ಬಾಡಿಗೆಗೆ ಸಿಕ್ಕರೆ ತಗೋತೀರಾ?’ ಅಂತ. ಹಾಗೆ ಕೇಳಿದರೆ ಯಾರು ಇಲ್ಲ ಅಂತಾರೆ? ಮಕ್ಕಳು ಮನೆ ಬಾಗಿಲಿಗೆ ಬಂದಿದ್ದಾರೆ, ಹೂಂ ಅಂದು ಕಳಿಸುತ್ತಾರೆ. ಈ ಸಲ ಕೇಳಿದ್ದು, ‘ಆಪರೇಷನ್ ಆದಾಗ ನೀವು ಏನು ಮಾಡಿದ್ರಿ?’ ಅಂತ. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು, ಮುಂದಕ್ಕೆ ತಳ್ಳುತ್ತಾ ನಡೆದು ತೋರಿಸಿದರಂತೆ. ಸ್ಲೈಡಿನಲ್ಲಿ ‘ನಮ್ಮ ಪ್ರತಿಸ್ಪರ್ಧಿಗಳು’ ಅಂತ ಕಂಪನಿಗಳ ಲೋಗೊ ಹಾಕಿದ್ದರು. ನಿಜವಾದ ಪ್ರತಿಸ್ಪರ್ಧಿ ಆ ಕುರ್ಚಿ. ಅದಕ್ಕೆ ಬಾಡಿಗೆಯೂ ಇಲ್ಲ, ವಾಪಸ್ ಕೊಡುವ ತಲೆನೋವೂ ಇಲ್ಲ.

ಈ ಯೋಜನೆ ಮುಂದೆ ಉದ್ಯಮ ಆಯಿತಾ ಅಂದರೆ, ಇಲ್ಲ. ಓದು ಮುಗಿಯಿತು, ಕೆಲಸಗಳಿಗೆ ಸೇರಿದರು. ಆದರೆ ಓದು ಮುಗಿಯುವ ತನಕ ಯಾವ ಪ್ರಾಜೆಕ್ಟ್ ಕೊಟ್ಟರೂ ‘ಇದು ಆದಮೇಲೆ ಏನಾಗುತ್ತೆ’ ಅಂತ ಒಂದು ಕಾಲಂ ಹಾಕಿಯೇ ತಂದರು. ಪಾಠ ಮಾಡಿ ನಾನು ಅದನ್ನು ಹೇಳಿಕೊಡಲು ಆಗುತ್ತಿರಲಿಲ್ಲ.

ಗೆದ್ದವರಿಗೆ ಇಂಥ ಪ್ರಶ್ನೆ ತಡವಾಗಿ ಎದುರಾಗುವುದೂ ಉಂಟು. ದಕ್ಷಿಣ ಆಫ್ರಿಕಾದ ‘ಪ್ಲೇಪಂಪ್’ ಕಥೆ ಕೇಳಿರಬಹುದು. ಮಕ್ಕಳು ತಿರುಗುವ ಆಟಿಕೆಯ ಮೇಲೆ ಆಡಿದರೆ ಬೋರ್‌ವೆಲ್ ನೀರು ಮೇಲೆ ಟ್ಯಾಂಕಿಗೆ ಏರುತ್ತದೆ. 2000ರಲ್ಲಿ ವಿಶ್ವಬ್ಯಾಂಕಿನ ಸ್ಪರ್ಧೆಯಲ್ಲಿ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಆಮೇಲೆ ನೋಡಿದರೆ ಹಲವು ಹಳ್ಳಿಗಳಲ್ಲಿ ಮಕ್ಕಳಿಗೆ ಆಟ ಸಾಕಾಗಿತ್ತು. ಹೆಂಗಸರೇ ಆ ಚಕ್ರ ತಿರುಗಿಸಬೇಕಾಯಿತು. ಕೆಟ್ಟ ಪಂಪುಗಳು ತಿಂಗಳುಗಟ್ಟಲೆ ಹಾಗೇ ನಿಂತವು. ಹೇಳಿದಷ್ಟು ಜನಕ್ಕೆ ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಅಂತ 2009ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಲೆಕ್ಕ ಬಂತು. ಗುಣಿಸಿ ಭಾಗಿಸಿದರೆ ಸಿಗುವ ಲೆಕ್ಕ ಅದು. ಪ್ರಶಸ್ತಿ ಕೊಡುವ ದಿನವೇ ಯಾರಾದರೂ ಮಾಡಬಹುದಿತ್ತು.

ಹಾಗಂತ ಎಲ್ಲ ಸೋಲೂ ಒಳ್ಳೆಯದಲ್ಲ. ನಮ್ಮದೇ ಇನ್ನೊಂದು ತಂಡ ಬೇರೆ ಕಡೆ ಸೋತಾಗ ಭಾಗವಹಿಸಿದ ಸರ್ಟಿಫಿಕೇಟ್ ಒಂದು ಬಿಟ್ಟರೆ ಏನೂ ಕೊಡಲಿಲ್ಲ. ಅಂಕ ಕೇಳಿದರೆ ‘ಅದು ಗೋಪ್ಯ’ ಅಂದರು. ಮಕ್ಕಳು ತಾವೇ ಒಂದು ಕಾರಣ ಕಂಡುಕೊಂಡರು: ಗೆದ್ದವರ ವಿಡಿಯೊ ಚೆನ್ನಾಗಿತ್ತು, ಮುಂದಿನ ವರ್ಷ ನಾವೂ ಒಳ್ಳೆ ವಿಡಿಯೊ ಮಾಡೋಣ. ಯೋಜನೆ ಬಗ್ಗೆ ಮಾತೇ ಇಲ್ಲ. ಇದಕ್ಕಿಂತ ಕೆಟ್ಟ ಪಾಠ ಇನ್ನೊಂದು ಇರಲಾರದು.

ಆದ್ದರಿಂದ ಸ್ಪರ್ಧೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ತಂಡಕ್ಕೂ ಅಂಕಪಟ್ಟಿ ಕೊಡಿ. ತೀರ್ಪುಗಾರರು ಕೇಳಿದ ಪ್ರಶ್ನೆಗಳನ್ನು ಬರೆದುಕೊಡಿ, ಕೈಬರಹವಾದರೂ ಸರಿ. ಸಾಧ್ಯವಾದರೆ ಸೋತ ತಂಡಗಳ ಜೊತೆ ತೀರ್ಪುಗಾರರು ಸ್ವಲ್ಪ ಹೊತ್ತು ಕೂರಲಿ. ಅತಿಥಿಗಳ ಭಾಷಣ ಒಂದು ಕಡಿಮೆ ಮಾಡಿದರೆ ಅಷ್ಟು ಸಮಯ ಸಿಗುತ್ತದೆ.

ನಿಮ್ಮಲ್ಲೂ ಒಂದು ಕೋರಿಕೆ ಇದೆ. ಚೆಕ್ಕಿನ ಫೋಟೊ ಬಂದ ಯೋಜನೆಗಳು ಎರಡು ಮೂರು ವರ್ಷದ ಮೇಲೆ ಏನಾಗಿವೆ ಅಂತ ನಿಮ್ಮ ವರದಿಗಾರರು ಹೋಗಿ ನೋಡಿ ಬರೆಯಲಿ. ನಡೆಯುತ್ತಿದ್ದರೂ ಬರೆಯಲಿ, ನಿಂತಿದ್ದರೂ ಬರೆಯಲಿ. ನಮ್ಮ ತರಗತಿಯಲ್ಲಿ ಅದನ್ನು ಓದಿಸುತ್ತೇನೆ.

ಇತಿ,
ಒಬ್ಬ ಕಾಮರ್ಸ್ ಉಪನ್ಯಾಸಕಿ