ಚಿಗರಿಯೋ, ಆಡೋ? ಉತ್ತರ ಅವತ್ತೇ ಸಿಗಲಿ

ಮಾನ್ಯ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರಿಗೆ,

ನಮಸ್ಕಾರ. ನಾನು ಹುಮನಾಬಾದ್ ಕಡೆಯವನು, ನೀವು ಭಾಲ್ಕಿಯವರು. ಚಿಗರಿ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ತೊಗರಿ ಹೊಲದ ಬದುವಿನಲ್ಲಿ ಕತ್ತೆತ್ತಿ ನಿಲ್ಲುವ ಕೃಷ್ಣಮೃಗದ ಹಿಂಡನ್ನು ನೀವೂ ನೋಡಿರುತ್ತೀರಿ. ಬೆಳೆ ತಿನ್ನುತ್ತವೆ ಅಂತ ನಮ್ಮ ರೈತರು ಬೈಯುತ್ತಾರೆ. ಆದರೂ ಅವು ಕಾಣದಿದ್ದರೆ ಹೊಲ ಖಾಲಿ ಖಾಲಿ ಅನ್ನಿಸುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಪಕ್ಕದ ಊರಿನ ಜಾತ್ರೆಯ ಹಿಂದಿನ ದಿನ ಒಬ್ಬರು ಬೈಕಿನಲ್ಲಿ ಮಾಂಸ ತರುತ್ತಿದ್ದರು. ಅದು ಚಿಗರಿ ಮಾಂಸ ಅಂತ ಯಾರೋ ಸುದ್ದಿ ಮುಟ್ಟಿಸಿದರು. ಚೀಲ ಜಪ್ತಿ ಆಯಿತು. ಕೊಯ್ದ ಮಾಂಸ ನೋಡಿ ಇದು ಆಡಿನದು, ಇದು ಚಿಗರಿಯದು ಅಂತ ಹೇಳೋದು ಯಾರಿಗೂ ಸುಲಭವಲ್ಲ. ಮಾದರಿಯನ್ನು ದೂರದ ಲ್ಯಾಬಿಗೆ ಕಳಿಸಿದರು. ವರದಿ ಬರಲು ತಿಂಗಳುಗಳೇ ಹಿಡಿದವು. ಕೊನೆಗೆ ಅದು ಆಡಿನ ಮಾಂಸವೇ ಆಗಿತ್ತು. ಅಷ್ಟರಲ್ಲಿ ಅವರ ಅಂಗಡಿಗೆ ಬರುವವರು ನಿಂತಿದ್ದರು. ಮಕ್ಕಳನ್ನು ಶಾಲೆಯಲ್ಲಿ 'ಚಿಗರಿ ಕಳ್ಳನ ಮಕ್ಕಳು' ಅಂತ ಕರೆಯುತ್ತಿದ್ದರು. ಆ ಮನೆಯ ಮುಂದೆ ಹಾದುಹೋಗುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಇದಕ್ಕೆ ಉಲ್ಟಾ ಆಗುವುದೂ ಇದೆ. ನಿಜವಾದ ಬೇಟೆಗಾರ 'ಇದು ಕುರಿ ಮಾಂಸ ಸಾಹೇಬ್ರೆ' ಅಂದುಬಿಟ್ಟರೆ ಅರಣ್ಯ ರಕ್ಷಕನ ಕೈಯಲ್ಲಿ ಆ ಹೊತ್ತಿಗೆ ಏನಿರುತ್ತದೆ? ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಇಷ್ಟು ದೊಡ್ಡ ಶಿಕ್ಷೆಯ ಕೇಸು ಬರೀ ಅನುಮಾನದ ಮೇಲೆ ಶುರುವಾಗಬಾರದು, ಅಲ್ವಾ?

ಈಗ ಕೈಚೀಲದಲ್ಲಿ ಒಯ್ಯಬಹುದಾದ ಡಿಎನ್‌ಎ ಪರೀಕ್ಷೆಗಳು ಬಂದಿವೆ. 2000ದಲ್ಲಿ ಜಪಾನಿನ ವಿಜ್ಞಾನಿಗಳು ಲ್ಯಾಂಪ್ ಎಂಬ ವಿಧಾನವನ್ನು ಜಗತ್ತಿನ ಮುಂದಿಟ್ಟರು. ಪಿಸಿಆರ್ ಯಂತ್ರದ ಹಾಗೆ ಬಿಸಿ, ತಂಪು, ಮತ್ತೆ ಬಿಸಿ ಅಂತ ಇದರಲ್ಲಿ ಮಾಡಬೇಕಿಲ್ಲ. ಮಾಂಸದ ಚೂರಿನಿಂದ ತೆಗೆದ ರಸದ ಒಂದು ಹನಿಯನ್ನು, ಹುಡುಕುವ ಪ್ರಾಣಿಗೆ ತಕ್ಕ ರಾಸಾಯನಿಕ ಇರುವ ಸಣ್ಣ ನಳಿಕೆಗೆ ಹಾಕಿ, 60ರಿಂದ 65 ಡಿಗ್ರಿ ಬಿಸಿಯಲ್ಲಿ ಇಟ್ಟರೆ ಸಾಕು. ಹುಡುಕುತ್ತಿರುವ ಪ್ರಾಣಿಯ ಡಿಎನ್‌ಎ ಇದ್ದರೆ ಹೆಚ್ಚುಕಮ್ಮಿ ಒಂದು ತಾಸಿನೊಳಗೆ ಬಣ್ಣ ಬದಲಾಗುತ್ತದೆ. ಬ್ಯಾಟರಿಯಲ್ಲೇ ನಡೆಯುತ್ತದೆ. ಇನ್ನೊಂದು ಮಿನ್‌ಅಯಾನ್. ಅಂಗೈಯಗಲದ ಯಂತ್ರ, ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಡಿಎನ್‌ಎಯ ಅಕ್ಷರಗಳನ್ನೇ ಓದುತ್ತದೆ. ನನ್ನ ಮಟ್ಟಿಗೆ ನಮ್ಮ ಕಡೆಗೆ ಮೊದಲು ಬೇಕಾದ್ದು ಲ್ಯಾಂಪ್. ಏಕೆಂದರೆ ನಮ್ಮ ಪ್ರಶ್ನೆ ಚಿಕ್ಕದು: ಆಡೋ, ಕುರಿಯೋ, ಚಿಗರಿಯೋ?

ಆ ಮೂರಕ್ಕೂ ಬೇರೆ ಬೇರೆ ನಳಿಕೆ ಇಡಬೇಕು. ಚಿಗರಿ ನಳಿಕೆ ಒಂದೇ ಇಟ್ಟು, ಬಣ್ಣ ಬರಲಿಲ್ಲ ಅಂತ ಬಿಟ್ಟುಬಿಟ್ಟರೆ ಪರೀಕ್ಷೆಯೇ ಕೆಟ್ಟಿತ್ತೋ ಏನೋ ಗೊತ್ತಾಗುವುದಿಲ್ಲ. ಲ್ಯಾಂಪ್ ತುಂಬ ಸೂಕ್ಷ್ಮ. ಒಂದೇ ಚಾಕು ಎರಡು ಮಾಂಸಕ್ಕೆ ತಾಗಿದರೂ ಮೋಸ ಹೋಗಬಹುದು. ಹೊಸ ಬ್ಲೇಡು, ಹೊಸ ಕೈಗವಸು ಇರಲೇಬೇಕು. ಕಿಟ್ಟಿನ ರಾಸಾಯನಿಕ ಒಣಗಿಸಿದ ಪುಡಿಯ ರೂಪದಲ್ಲಿರಲಿ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ಕರೆಂಟೂ ಹೋದಾಗ, ಫ್ರಿಜ್ ನಂಬಿ ಕೂರುವುದು ಆಗದ ಮಾತು.

ಸ್ಥಳದ ಪರೀಕ್ಷೆಯನ್ನೇ ಕೊನೆಯ ಮಾತು ಮಾಡಿ ಅಂತ ನಾನು ಕೇಳುತ್ತಿಲ್ಲ. ಮಾದರಿಯನ್ನು ಎರಡು ಪಾಲು ಮಾಡಿ. ಒಂದನ್ನು ಅಲ್ಲೇ ನೋಡಿ, ಇನ್ನೊಂದಕ್ಕೆ ಸೀಲ್ ಹಾಕಿ ಹೈದರಾಬಾದಿನ ಲಾಕೋನ್ಸ್ ಪ್ರಯೋಗಾಲಯಕ್ಕೆ ಕಳಿಸಿ. ವನ್ಯಜೀವಿ ಡಿಎನ್‌ಎ ಕೆಲಸದಲ್ಲಿ ಅದು ದೇಶಕ್ಕೇ ಹೆಸರಾದ ಜಾಗ. ಬೀದರಿನಿಂದ ಮೂರು ನಾಲ್ಕು ತಾಸಿನ ದಾರಿ. ಕೋರ್ಟಿಗೆ ಆ ವರದಿ ಹೋಗಲಿ.

2020ರ ಮಾರ್ಚ್ ನೆನಪಿದೆಯಲ್ಲ? ದೇಶದ ಮೊದಲ ಕೊರೊನಾ ಸಾವು ಕಲಬುರಗಿಯವರದು. ಅವರು ತೀರಿಕೊಂಡ ಮೇಲೆ ವರದಿ ಬಂತು. ಪರೀಕ್ಷೆ ಜನರ ಹತ್ತಿರ ಇರಬೇಕು ಅಂತ ನಾವು ಕಲಿತದ್ದು ಹಾಗೆ.

ಬೀದರಿನ ನಂದಿನಗರದಲ್ಲೇ ರಾಜ್ಯದ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಆಡು, ಕುರಿಯ ಮಾದರಿಗೆ ಅಲ್ಲಿ ಬರವಿಲ್ಲ. ಚಿಗರಿಯ ಮಾದರಿಯನ್ನು, ರಸ್ತೆಯಲ್ಲಿ ಗಾಡಿ ಬಡಿದು ಸತ್ತವುಗಳಿಂದ, ನಿಮ್ಮ ಇಲಾಖೆ ಕೊಡಬಹುದು. ಕಿಟ್ ಅಲ್ಲೇ ತಯಾರಾಗಲಿ, ಅರಣ್ಯ ರಕ್ಷಕರಿಗೆ ಅಲ್ಲೇ ತರಬೇತಿ ಕೊಡಿ. ಮೊದಲು ಬೀದರ್ ಮತ್ತು ಚಿಂಚೋಳಿಯಲ್ಲಿ ಒಂದು ವರ್ಷ ನಡೆಸಿ ನೋಡಿ. ಚಿಂಚೋಳಿ ವನ್ಯಜೀವಿಧಾಮದಲ್ಲಿ ತೋಳವೂ ಇದೆ. ಆದರೆ ತೋಳಕ್ಕೆ ಈ ಕಿಟ್ ಬಳಸಲು ಅವಸರ ಬೇಡ. ತೋಳ ಮತ್ತು ನಾಯಿ ಕೂಡಿ ಹುಟ್ಟಿದ ಮರಿಯಲ್ಲಿ, ತಾಯಿಯಿಂದ ಬರುವ ಡಿಎನ್‌ಎ ಮಾತ್ರ ನೋಡಿದರೆ ತಪ್ಪು ಉತ್ತರ ಬರುತ್ತದೆ. ಅದನ್ನು ಲ್ಯಾಬಿನವರೇ ನೋಡಲಿ.

ವಿಶ್ವವಿದ್ಯಾಲಯದವರನ್ನೂ ನಮ್ಮ ಭಾಗದ ಅರಣ್ಯಾಧಿಕಾರಿಗಳನ್ನೂ ಒಂದೇ ಮೇಜಿಗೆ ಕರೆಯಿರಿ. ಮಾಂಸ ಮಾರುವವರ ಕಡೆಯಿಂದಲೂ ಒಬ್ಬರನ್ನು ಕೂರಿಸಿ. ಬರುವ ಜಾತ್ರೆಗಳ ಮುಂಚೆ ಆ ಸಭೆ ಆದರೆ ಒಳ್ಳೆಯದು.

ಇಂತಿ,
ಹುಮನಾಬಾದ್ ತಾಲ್ಲೂಕಿನ ಒಬ್ಬ ರೈತ