ರೋಬೋಟ್ ತಾನಾಗಿ ಹೊಲಿಯುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

'ರೋಬೋಟ್‌ನಿಂದ ಹೃದಯ ಶಸ್ತ್ರಚಿಕಿತ್ಸೆ' ಎಂಬ ಸುದ್ದಿ ಓದಿದವರಿಗೆ ಯಂತ್ರವೇ ಹೊಲಿಗೆ ಹಾಕಿತೇನೋ ಅನ್ನಿಸುತ್ತದೆ. ಹಾಗೇನಿಲ್ಲ, ಇದು ಹೊಸದೂ ಅಲ್ಲ. ಪ್ಯಾರಿಸ್‌ನಲ್ಲಿ ಹೃದಯ ಸರ್ಜನ್ ಅಲೆನ್ ಕಾರ್ಪಾಂಟಿಯೇ ರೋಬೋಟ್ ನೆರವಿನಿಂದ ಮೈಟ್ರಲ್ ಕವಾಟ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನದು) ಸರಿಪಡಿಸಿದ್ದು 1998ರಲ್ಲೇ. ಸರ್ಜನ್ ಕನ್ಸೋಲ್ (ಯಂತ್ರವನ್ನು ನಡೆಸುವ ಪರದೆ, ಹಿಡಿಕೆಗಳಿರುವ ಪೀಠ) ಮುಂದೆ ಕೂತು ಬೆರಳಾಡಿಸಿದಂತೆ ಎದೆಯೊಳಗಿನ ಉಪಕರಣ ಆಡುತ್ತದೆ. ಯಂತ್ರ ಕೈನಡುಕವನ್ನು ಸೋಸುತ್ತದೆ, ಚಲನೆಯನ್ನು ಕುಗ್ಗಿಸುತ್ತದೆ: 3:1ಕ್ಕೆ ಹೊಂದಿಸಿದರೆ ಕೈ 3 ಸೆಂ.ಮೀ. ಸರಿದಾಗ ಸೂಜಿ 1 ಸೆಂ.ಮೀ. ಸರಿಯುತ್ತದೆ. ಸುಮಾರು 8 ಮಿ.ಮೀ. ದಪ್ಪದ ಉಪಕರಣದ ತುದಿ ಮಣಿಕಟ್ಟಿನಂತೆ ತಿರುಗುವುದರಿಂದ ಎದೆಮೂಳೆ ಸೀಳದೆ ಬಲಗಡೆಯ ಪಕ್ಕೆಲುಬುಗಳ ನಡುವಿನಿಂದಲೇ ಕವಾಟ ತಲುಪಬಹುದು.

ದೊಡ್ಡ ಕೊರತೆ ಸ್ಪರ್ಶದ್ದು. ಬಲ ಅಳೆಯುವ ಉಪಕರಣಗಳು ಇತ್ತೀಚಿನ ಮಾದರಿಗಳಿಗೆ ಬಂದಿವೆ; ಹಳೆಯವುಗಳಲ್ಲಿ ಕೈಗೆ ಏನೂ ತಿಳಿಯದು. ಅಂಗಾಂಶ ಎಷ್ಟು ಕುಗ್ಗಿತು, ದಾರ ಎಷ್ಟು ಬಿಗಿಯಿತು ಎಂಬುದನ್ನು ಕಣ್ಣಿನಿಂದಲೇ ಅಂದಾಜಿಸಬೇಕು. ಹೊಲಿಗೆಗೆ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ದಾರವನ್ನು ಉಪಕರಣದ ಹಲ್ಲಿನಲ್ಲಿ ಒತ್ತಿ ಹಿಡಿದರೆ ಅದು ಅಲ್ಲೇ ನಜ್ಜಾಗಿ, ಗಂಟು ಬಿಗಿಯುವಾಗ ತುಂಡಾಗಬಹುದು.

ಸುದ್ದಿಯಲ್ಲಿ ಬಾರದ ಅಪಾಯವೊಂದು ತೊಡೆಸಂದಿಯಲ್ಲಿದೆ. ಎದೆ ತೆರೆಯದ ಕಾರಣ ಹಾರ್ಟ್-ಲಂಗ್ ಯಂತ್ರದ (ಹೃದಯ ನಿಲ್ಲಿಸಿದಾಗ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರ) ಕೊಳವೆಗಳನ್ನು ಸಾಮಾನ್ಯವಾಗಿ ಅಲ್ಲಿನ ರಕ್ತನಾಳಗಳಿಗೇ ಹಾಕುತ್ತಾರೆ. ಆಗ ರಕ್ತ ಮಹಾಪಧಮನಿಯಲ್ಲಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ನಾಳದ ಗೋಡೆಯಲ್ಲಿ ಕೊಬ್ಬಿನ ಪದರವಿದ್ದರೆ ಅದರ ಚೂರು ಕಿತ್ತು ಮಿದುಳು ಸೇರಿ ಪಾರ್ಶ್ವವಾಯು ಆಗಬಹುದು. ಅದಕ್ಕೇ ಮೊದಲೇ ಮಹಾಪಧಮನಿಯಿಂದ ತೊಡೆಯ ನಾಳದವರೆಗೂ ಸಿ.ಟಿ. ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಮಾಡಿಸಬೇಕು. ಕೊಳವೆ ನಾಳವನ್ನೇ ತುಂಬಿಕೊಂಡರೆ ಕಾಲಿಗೆ ರಕ್ತ ನಿಲ್ಲುತ್ತದೆ. ಕೆಳಮುಖವಾಗಿ ಇನ್ನೊಂದು ಸಣ್ಣ ಕೊಳವೆ ಹಾಕಬೇಕಾಗುತ್ತದೆ. ಮಹಾಪಧಮನಿಯ ಕವಾಟ ಹೆಚ್ಚು ಸೋರುತ್ತಿದ್ದರೆ ಹೃದಯ ನಿಲ್ಲಿಸಲು ಮಹಾಪಧಮನಿಯ ಬುಡಕ್ಕೆ ಬಿಡುವ ಕಾರ್ಡಿಯೋಪ್ಲೀಜಿಯಾ ದ್ರಾವಣ ಹೃದಯಕ್ಕೇ ರಕ್ತ ಒದಗಿಸುವ ಕರೋನರಿ ನಾಳಗಳಿಗೆ ಸರಿಯಾಗಿ ಹೋಗದೆ ಹೃದಯದ ಎಡ ಕೆಳಕೋಣೆಗೆ ಇಳಿದು ಅದನ್ನು ಉಬ್ಬಿಸುತ್ತದೆ. ಬಲ ಶ್ವಾಸಕೋಶ ಹಿಂದಿನ ಕಾಯಿಲೆಯಿಂದ ಎದೆಗೋಡೆಗೆ ಅಂಟಿಕೊಂಡಿದ್ದರೂ ದಾರಿ ಕಷ್ಟ. ಇಂಥವರಿಗೆ ಎದೆ ತೆರೆಯುವುದೇ ಕ್ಷೇಮ. ಗಾಯ ಚಿಕ್ಕದೆಂಬ ಆಸೆ ತೋರಿಸಿ ಒಪ್ಪಿಸಬಾರದು.

ರೋಗಿಯ ಕಡೆಯವರು ಯಂತ್ರದ ಮಾದರಿ ಯಾವುದೆಂದು ಕೇಳುವುದಕ್ಕಿಂತ, ಈ ತಂಡ ಇಂಥವು ಎಷ್ಟು ಮಾಡಿದೆ, ಎಷ್ಟರಲ್ಲಿ ನಡುವೆ ಎದೆ ತೆರೆಯಬೇಕಾಯಿತು ಎಂದು ಕೇಳಲಿ. ರಕ್ತ ಚಿಮ್ಮಿದಾಗ ಉಪಕರಣಗಳನ್ನು ಹೊರತೆಗೆದು, ಯಂತ್ರದ ತೋಳುಗಳನ್ನು ಸರಿಸಿ, ಎದೆ ತೆರೆಯಲು ಮೇಜಿನ ಪಕ್ಕದಲ್ಲೇ ಇನ್ನೊಬ್ಬ ನುರಿತ ಸರ್ಜನ್ ಸಿದ್ಧವಿರಬೇಕು. ಕನ್ಸೋಲ್‌ನಲ್ಲಿ ಕೂತವರು ಎದ್ದು ಗ್ಲೌಸ್ ಹಾಕಿಕೊಂಡು ಬರುವಷ್ಟು ಹೊತ್ತು ಆಗ ಇರುವುದಿಲ್ಲ.

– ಹೃದಯ ಶಸ್ತ್ರಚಿಕಿತ್ಸಾ ತಂಡದ ಕೆಲವರು